ಹನ್ನೆರಡನೆಯ ಸರದಿ

ನಾನು ಸೈಕಲ್ ಕಲಿತ ಸಂಜೆ ಅಪ್ಪ ಮನೆಗೆ ನಡೆದುಕೊಂಡು ಬಂದರು. ಆಮೇಲೆ ಬದುಕಿರುವವರೆಗೂ ನಡೆದೇ ಓಡಾಡಿದರು. ಅಕ್ಕಿ ಗಿರಣಿಗೆ ಮೂರು ಮೈಲಿ, ವಾಪಸ್ಸು ಮೂರು ಮೈಲಿ. ನನಗಾಗ ಹನ್ನೊಂದು ವರ್ಷ. ಸೀಟು ಹಿಡಿದು ಹಿಂದಿನಿಂದ ಓಡಿ ಬರುತ್ತಿದ್ದವರು ಕೈ ಬಿಟ್ಟ ಗಳಿಗೆಯಲ್ಲೇ ಸೈಕಲ್ ಹೊಡೆಯುವುದು ಅವರಿಂದ ಹೊರಟು ನನ್ನ ಹತ್ತಿರ ಬಂತು. ಮಾರನೆಯ ದಿನ ಹಟಕ್ಕೆ ಒಮ್ಮೆ ಹತ್ತಿ ನೋಡಿದರು. ಮೊಣಕಾಲು ತರಚಿಕೊಂಡು, ನಕ್ಕು, ಸೈಕಲ್ಲನ್ನು ಗೋಡೆಗೆ ಒರಗಿಸಿದರು. ಅದರ ಜೊತೆಗೆ ಇನ್ನೊಂದೂ ನನಗೆ ಬಂತು. ಅಪ್ಪ ಹುಡುಗನಾಗಿದ್ದಾಗ ಸೈಕಲ್ ಮೇಲೆ ಹೋಗುತ್ತಿದ್ದವರನ್ನು ನಾಯಿಯೊಂದು ಅಟ್ಟಿಸಿಕೊಂಡು ಬಂದು ಮೀನಖಂಡ ಕಚ್ಚಿತ್ತಂತೆ. ನನ್ನನ್ನು ಯಾವ ನಾಯಿಯೂ ಕಚ್ಚಿಲ್ಲ. ಆದರೂ ಸೈಕಲ್ ಮೇಲೆ ಕೂತಾಗ ದೂರದಲ್ಲೊಂದು ನಾಯಿ ಕಂಡರೆ ಸಾಕು, ನನ್ನ ಎರಡೂ ಕಾಲು ತಾವಾಗಿ ಮೇಲಕ್ಕೆ ಹೋಗುತ್ತವೆ. ಅಪ್ಪ ಮಾತ್ರ ಆಮೇಲಿಂದ ಬೀದಿನಾಯಿಗಳ ತಲೆ ಸವರಿಕೊಂಡು ಗಿರಣಿಗೆ ಹೋಗುತ್ತಿದ್ದರು.

ನಮ್ಮೂರಿನಲ್ಲಿ ಇದಕ್ಕೆ ಒಪ್ಪಿಸುವುದು ಎನ್ನುತ್ತಾರೆ. ಕೈಹಿಡಿದು ಕಲಿಸಿದ್ದು ಕಲಿಸಿದವರ ಹತ್ತಿರ ಉಳಿಯುವುದಿಲ್ಲ, ಅಷ್ಟೇ. ಹಾಗಾಗಿ ಯಾರೂ ಸುಮ್ಮಸುಮ್ಮನೆ ಕಲಿಸುವುದಿಲ್ಲ. ದರ್ಜಿಗಳು ಕಣ್ಣು ಮಂಜಾಗುವವರೆಗೂ ಕತ್ತರಿ ಬಿಡುವುದಿಲ್ಲ, ಅವರ ಮಕ್ಕಳು ಗೊಣಗುತ್ತ ಗುಂಡಿ ಹೊಲಿದುಕೊಂಡು ಕೂತಿರುತ್ತಾರೆ. ಮದುವೆಮನೆಯಲ್ಲಿ ಹೆಂಗಸರು ಸೀರೆ ಒಡವೆ ನೋಡಿ ಮುಗಿಸಿ, ‘ಮಗಳಿಗೆ ಏನು ಒಪ್ಪಿಸಿದ್ರಿ?’ ಎಂದು ಕೇಳುತ್ತಾರೆ. ನಮ್ಮಮ್ಮ ಒಬ್ಬಟ್ಟನ್ನು ನನಗೂ ಹುಳಿಯನ್ನು ತಂಗಿ ಸುಮಿತ್ರಳಿಗೂ ಒಪ್ಪಿಸಿದ ಮೇಲೆ, ಹಬ್ಬದ ದಿನ ಬರೀ ಅನ್ನ ಮಾಡಿಟ್ಟುಕೊಂಡು ನಮ್ಮಿಬ್ಬರ ದಾರಿ ಕಾಯುತ್ತಿದ್ದಳು. ಪುಸ್ತಕದಿಂದ ಕಲಿತದ್ದಕ್ಕೆ ಮಾತ್ರ ಈ ಕಾಟವಿಲ್ಲ. ಅಚ್ಚಾದದ್ದನ್ನು ಎಷ್ಟು ಜನರಿಗೆ ಹೇಳಿದರೂ ಅದು ಇದ್ದಲ್ಲೇ ಇರುತ್ತದೆ. ಅದಕ್ಕೇ ನಾನು ನರ್ಸಿಂಗ್ ಶಾಲೆಯಲ್ಲಿ ಟೀಚರಾದೆ. ಇಪ್ಪತ್ತೆರಡು ವರ್ಷದಿಂದ ಅದೇ ಪುಸ್ತಕ, ಅದೇ ಪಾಠ, ಅದೇ ಬೈಗುಳ. ನನ್ನದು ಎಂಬುದೇನೂ ಖರ್ಚಾಗಿರಲಿಲ್ಲ.

ಊರಿನವರಿಗೆ ಇದ್ದ ದೊಡ್ಡ ಹೆದರಿಕೆಯೆಂದರೆ ಒಪ್ಪಿಸದೆ ಸಾಯುವುದು. ಮೂಳೆ ಕೂಡಿಸುತ್ತಿದ್ದ ಬಸವಲಿಂಗಪ್ಪ ಒಂದು ಮಧ್ಯಾಹ್ನ ಕೆರೆಗೆ ಜಾರಿ ಬಿದ್ದು ಹೋದ. ಯಾರಿಗೂ ಏನೂ ಒಪ್ಪಿಸಿರಲಿಲ್ಲ. ಅವತ್ತಿನಿಂದ ನಮ್ಮೂರಿನಲ್ಲಿ ಕೈ ಮುರಿದ ಮಕ್ಕಳ ಕೈ ಸೊಟ್ಟಗೆ ಕೂಡುತ್ತದೆ. ಮಗ್ಗಿ ಹೇಳುವಾಗ ಕೈ ಕಟ್ಟಿ ನಿಲ್ಲಲು ಬಾರದ ಮಕ್ಕಳು ಶಾಲೆಯಲ್ಲಿ ಒಂದು ಸಾಲೇ ಇದ್ದಾರೆ. ಬಸವಲಿಂಗಪ್ಪ ಹೋದ ಮೇಲೆ ಎಲ್ಲರ ಕಣ್ಣೂ ಸಿದ್ದಾಜಮ್ಮನ ಮೇಲೆ ಬಿತ್ತು. ಸಿದ್ದಜ್ಜಿ ನಮ್ಮೂರಿನ ಸೂಲಗಿತ್ತಿ. ಎಪ್ಪತ್ತನಾಲ್ಕು ವರ್ಷ, ಹೆಣ್ಣುಮಕ್ಕಳಿಲ್ಲ, ಸೊಸೆಗೂ ಇವಳಿಗೂ ಮಾತಿಲ್ಲ. ನನ್ನನ್ನೂ ಸುಮಿತ್ರಳನ್ನೂ ಈ ಲೋಕಕ್ಕೆ ಎಳೆದವಳು ಅವಳೇ. ಹೊಟ್ಟೆಯಲ್ಲಿ ಅಡ್ಡ ಮಲಗಿದ ಮಗುವನ್ನು ಹೊರಗಿನಿಂದಲೇ ಎರಡು ಕೈಯಲ್ಲಿ ತಿರುಗಿಸಿ ತಲೆ ಕೆಳಗೆ ಮಾಡಬಲ್ಲವಳು. ಕೆರೆ ತುಂಬಿ ಸೇತುವೆ ಮುಳುಗುವ ನಾಲ್ಕು ತಿಂಗಳು ಆಚೆ ದಡದ ದೊಡ್ಡಾಸ್ಪತ್ರೆಗೆ ದಾರಿ ಇರುವುದಿಲ್ಲ. ಆ ನಾಲ್ಕು ತಿಂಗಳು ಬಸುರಿಯರು ಅವಳ ಮನೆಯ ಜಗುಲಿಯನ್ನೇ ನಂಬಿಕೊಂಡಿರುತ್ತಿದ್ದರು.

ಆ ವರ್ಷ ಮೇಲಿನ ಕಚೇರಿಯಿಂದ ಆದೇಶವೊಂದು ಬಂತು. ನಾಟಿ ವೈದ್ಯರ, ಸೂಲಗಿತ್ತಿಯರ ತಿಳಿವಳಿಕೆಯನ್ನು ನರ್ಸಿಂಗ್ ತರಬೇತಿಯಲ್ಲಿ ಸೇರಿಸಬೇಕು ಎಂದು. ನಮ್ಮ ಪ್ರಿನ್ಸಿಪಾಲ್ ಫಿಲೋಮಿನಾ ಮೇಡಂ ಹೊರಗಿನ ಊರಿನವರು, ಬಂದು ಒಂದೂವರೆ ವರ್ಷವಾಗಿತ್ತು. ಅವರಿಗೆ ಎಲ್ಲಿಲ್ಲದ ಖುಷಿ. ಅದರಲ್ಲಿ ತಪ್ಪೇನೂ ಇರಲಿಲ್ಲ. ‘ಕಮಲಾಕ್ಷಿ ಸಿಸ್ಟರ್, ನಮ್ಮ ಹುಡುಗಿಯರು ಹೆರಿಗೆ ನೋವು ಬಂದವಳ ಪಕ್ಕ ನಿಂತು ಚಾರ್ಟ್ ತುಂಬ್ತಾರೆ. ಆ ಅಜ್ಜಿ ಪಕ್ಕದಲ್ಲಿ ಕೂತು ಬೆನ್ನು ನೀವ್ತಾರೆ. ಹೆಂಗಸರು ನಮ್ಮ ಹತ್ತಿರ ಯಾಕೆ ಬರಲ್ಲ ಅಂತ ಈಗಲಾದ್ರೂ ಗೊತ್ತಾಯ್ತಾ?’ ಎಂದರು. ಗೊತ್ತಿತ್ತು. ಅಜ್ಜಿ ಸತ್ತರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಹಾಗಾಗಿ ನಾನೇ ಹೋಗಿ ಕೇಳಿದೆ.

ಸಿದ್ದಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು.

‘ಒಪ್ಪಿಸೋಕೇನು, ಒಪ್ಪಿಸ್ತೀನಿ. ನಂಗೂ ಸಾಕಾಗ್ಯದೆ. ಆದ್ರೆ ಒಬ್ಳಿಗೆ ಕಣವ್ವ. ಹನ್ನೆರಡು ಜನಕ್ಕೆ ಹೆಂಗೆ ಒಪ್ಪಿಸೋದು? ಒಂದು ಹುಡುಗೀನ ನೀನೇ ಆರಿಸ್ಕೊಡು. ಇಲ್ಲ ಅಂದ್ರೆ ನಾನೇ ಆರಿಸ್ಲಾ?’ ಎಂದು ನನ್ನ ಕೈಯನ್ನೇ ನೋಡಿದಳು.

ಇಲ್ಲಿ ನಾನು ನಿಜ ಹೇಳಬೇಕು. ಅವಳು ನನ್ನನ್ನೇ ಆರಿಸಿಯಾಳು ಎಂದು ನನಗೆ ಭಯವಾಯಿತು. ಸೂಲಗಿತ್ತಿಯ ಬಾಳು ಯಾರಿಗೆ ಬೇಕು? ಊಟಕ್ಕೆ ಕೂತಾಗ ಕರೆಯುತ್ತಾರೆ, ಜ್ವರದಲ್ಲಿ ಮಲಗಿದಾಗ ಕರೆಯುತ್ತಾರೆ. ಮಗು ಸತ್ತರೆ ಎರಡು ಬೀದಿ ಮಾತು ಬಿಡುತ್ತವೆ. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ‘ಇಲ್ಲಜ್ಜಿ, ಸಿಲಬಸ್ ಅಂದ್ಮೇಲೆ ಎಲ್ಲರಿಗೂ ಒಂದೇ. ಎಲ್ಲರಿಗೂ ಮಾರ್ಕ್ಸ್ ಕೊಡ್ಬೇಕು’ ಎಂದೆ. ಫಿಲೋಮಿನಾ ಮೇಡಂ ಹೊರಗಿನವರು, ಅವರಿಗೆ ಊರಿನ ನಿಯಮ ಕಿವಿಯ ಮೇಲೆ ಬಿದ್ದಿತ್ತೇ ಹೊರತು ಮೈಗೆ ಹತ್ತಿರಲಿಲ್ಲ. ನನಗೆ ನಿಯಮ ಗೊತ್ತಿತ್ತು, ಆದರೆ ಒಬ್ಬರ ಕೈಯದು ಹನ್ನೆರಡು ಕೈಗೆ ಹೋದರೆ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ, ನಾನು ಯೋಚಿಸಲೂ ಇಲ್ಲ. ಟೈಮ್‌ಟೇಬಲ್ ಹಾಕಲು ಕೂತರೆ ನನಗೆ ಬೇರೇನೂ ಕಾಣುವುದಿಲ್ಲ. ಹನ್ನೆರಡು ವಿದ್ಯಾರ್ಥಿನಿಯರು, ಒಬ್ಬೊಬ್ಬರಿಗೆ ಹತ್ತು ನಿಮಿಷ, ಒಟ್ಟು ಎರಡು ಗಂಟೆ. ಪುಸ್ತಕ ನೋಡಿ ಇಂಜೆಕ್ಷನ್ ಕಲಿಸುವುದೂ ಹಾಗೇ, ಗಾಯಕ್ಕೆ ಪಟ್ಟಿ ಕಟ್ಟುವುದೂ ಹಾಗೇ. ಕೆಂಪು ಮಸಿಯಲ್ಲಿ ಗೆರೆ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದೆ.

ಪಾಠಕ್ಕೆ ಒಂದು ಹೊಟ್ಟೆ ಬೇಕಿತ್ತು. ಸುಮಿತ್ರಳಿಗೆ ಏಳು ತಿಂಗಳಾಗಿತ್ತು, ನಾನು ಕರೆದೆ, ಬಂದಳು. ಡೆಮಾನ್‌ಸ್ಟ್ರೇಷನ್ ಕೋಣೆಯ ಮಂಚದ ಮೇಲೆ ಮಲಗಿ, ಹನ್ನೆರಡು ಹುಡುಗಿಯರನ್ನು ನೋಡಿ ನಾಚಿಕೊಂಡು, ‘ಅಕ್ಕ, ಕಚಗುಳಿ ಆದ್ರೆ ಎದ್ದು ಓಡ್ತೀನಿ’ ಎಂದಳು. ಸಿದ್ದಜ್ಜಿ ಹೊಟ್ಟೆ ಮುಟ್ಟಿದವಳೇ, ‘ಅಡ್ಡ ಮಲಗ್ಯದೆ ಸೋಮಾರಿ. ಏಳರಲ್ಲಿ ಎಷ್ಟೋ ಮಕ್ಳು ಹಿಂಗೇ. ಆಮೇಲೂ ತಿರುಗದಿದ್ರೆ ತಿರುಗಿಸಾನ’ ಎಂದಳು. ಇವತ್ತು ತಿರುಗಿಸುವುದಿಲ್ಲ, ಬರೀ ಕೈ ತೋರಿಸುವುದು ಎಂದು ಮೊದಲೇ ಮಾತಾಗಿತ್ತು.

ಮೊದಲನೆಯವಳು ತಸ್ಲೀಮ, ನಮ್ಮ ಬ್ಯಾಚಿನಲ್ಲಿ ಎಲ್ಲರಿಗಿಂತ ಚುರುಕು. ಅವಳ ಅಂಗೈಯನ್ನು ಸುಮಿತ್ರಳ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ಸಿದ್ದಜ್ಜಿ ತನ್ನ ಕೈ ಇಟ್ಟಳು.  ಹತ್ತು ನಿಮಿಷಕ್ಕೆ ನಾನು ಗಂಟೆ ಬಾರಿಸಿದೆ. ತಸ್ಲೀಮ ಕಣ್ಣರಳಿಸಿ, ‘ಮೇಡಂ, ತಲೆ ಇಲ್ಲಿದೆ, ಬೆನ್ನು ಇಲ್ಲಿದೆ. ಕಣ್ಣಲ್ಲಿ ನೋಡಿದ ಹಾಗೆ ಗೊತ್ತಾಗ್ತಿದೆ!’ ಎಂದಳು. ಎರಡನೆಯವಳನ್ನು ಕೂರಿಸಿದೆ. ಮೂರನೆಯವಳು. ನಾಲ್ಕನೆಯವಳು. ಪ್ರತಿಸಲ ಗಂಟೆ ಬಿದ್ದಾಗಲೂ ಸಿದ್ದಜ್ಜಿ ಏನೋ ಹುಡುಕುವವಳಂತೆ ತನ್ನ ಕೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಆರನೆಯವಳು ಮುಗಿದ ಮೇಲೆ, ‘ಇದು ಯಾರು, ಸುಮಿತ್ರನಾ? ಎಷ್ಟು ತಿಂಗಳು?’ ಎಂದು ಕೇಳಿದಳು. ನಿಲ್ಲಿಸಬಹುದಿತ್ತು. ಬೋರ್ಡಿನ ಮೇಲಿನ ಗೆರೆಗಳು ಅರ್ಧಕ್ಕೆ ಬಂದಿದ್ದವು, ನಾನು ನಿಲ್ಲಿಸಲಿಲ್ಲ.

ಹನ್ನೆರಡನೆಯವಳು ದಾಕ್ಷಾಯಿಣಿ. ಹತ್ತೊಂಬತ್ತು ವರ್ಷದ ಸಣಕಲು ಹುಡುಗಿ, ಪರೀಕ್ಷೆಗೆ ಮುಂಚೆ ವಾಂತಿ ಮಾಡಿಕೊಳ್ಳುವ ಸ್ವಭಾವ. ಅಜ್ಜಿಯ ಕೈ ಮೇಲೆ ಬಂದ ಕೂಡಲೇ ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ‘ಬೇಡ ಮೇಡಂ, ನಂಗೆ ಬೇಡ’ ಎಂದು ಗೋಡೆಗೆ ಹೋಗಿ ಅಂಟಿಕೊಂಡಳು. ‘ಪ್ರಾಕ್ಟಿಕಲ್‌ನಲ್ಲಿ ಸೊನ್ನೆ ಹಾಕ್ತೀನಿ!’ ಎಂದು ಗದರುತ್ತ ನಾನು ಮುಂದೆ ಹೋದೆ. ಅಷ್ಟರಲ್ಲಿ ಸಿದ್ದಜ್ಜಿ ಸ್ಟೂಲಿನ ಮೇಲೆ ತೂರಾಡಿದಳು. ಬೀಳುತ್ತಾಳೆಂದು ನಾನು ಒಂದು ಕೈಯನ್ನು ಮಂಚಕ್ಕೆ ಊರಿ ಇನ್ನೊಂದರಿಂದ ಅವಳ ಭುಜ ಹಿಡಿದೆ. ಊರಿದ ಕೈ ಇದ್ದದ್ದು ಮಂಚದ ಮೇಲಲ್ಲ, ಸುಮಿತ್ರಳ ಹೊಟ್ಟೆಯ ಮೇಲೆ. ಅಜ್ಜಿಯ ಕೈ ಅದರ ಮೇಲೆ ಬಿತ್ತು. ಅಂಗೈಯಿಂದ ಮೊಣಕೈವರೆಗೆ ತಣ್ಣನೆಯದೊಂದು ಹತ್ತಿ, ಎದೆಗೆ ಬಂದು ಕೂತಿತು. ಮುದುಕಿ ಬಿದ್ದೇಬಿಡುತ್ತಿದ್ದಳಲ್ಲ ಎಂಬ ಗಾಬರಿ ಎಂದುಕೊಂಡೆ. ನೋಡಿದರೆ ಸಿದ್ದಜ್ಜಿ ನಗುತ್ತಿದ್ದಳು. ಉಯ್ಯಾಲೆಯಿಂದ ಇಳಿದ ಮಗುವಿನ ಹಾಗೆ ಕಾಲಾಡಿಸಿಕೊಂಡು, ‘ಮುಗೀತಾ? ಮನೀಗೆ ಹೋಗ್ಲಾ?’ ಎಂದಳು.

ಆಮೇಲೆ ಸಿದ್ದಜ್ಜಿ ಬೇರೆಯೇ ಆದಳು. ಬಸವಲಿಂಗಪ್ಪ ಜಾರಿ ಬಿದ್ದ ಕೆರೆ ಏರಿಯ ಅಂಚಿನಲ್ಲೇ ಕಡ್ಲೆಪುರಿ ತಿನ್ನುತ್ತ ಓಡಾಡಿದಳು. ಬಸುರಿಯರನ್ನು ಕಂಡು, ‘ಏನವ್ವ, ಊಟ ಜೋರಾ?’ ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ತಮಾಷೆಗೆ ಅಂದದ್ದಲ್ಲ, ಅವಳಿಗೆ ನಿಜವಾಗಿ ಗೊತ್ತಾಗುತ್ತಿರಲಿಲ್ಲ. ಹನ್ನೊಂದು ಹುಡುಗಿಯರಿಗೆ ಹನ್ನೊಂದು ತುಂಡು ಬಂದಿತ್ತು. ತಸ್ಲೀಮಳಿಗೆ ಮಗು ಎಲ್ಲಿ ಹೇಗೆ ಮಲಗಿದೆ ಎಂದು ಅಂಗೈಗೆ ತಿಳಿಯುತ್ತಿತ್ತು, ಅದನ್ನು ಸರಿಸಲು ಬಾರದು. ಇನ್ನೊಬ್ಬಳಿಗೆ ಹರಳೆಣ್ಣೆ ಎಷ್ಟು ಬಿಸಿಯಾಗಬೇಕೆಂಬುದು ಬಂದಿತ್ತು, ಅಷ್ಟೇ. ಒಬ್ಬಳಿಗೆ ಮಗುವಿನ ಕುಂಡೆಗೆ ಎಲ್ಲಿ ಒತ್ತು ಕೊಡಬೇಕೆಂಬುದು, ಮತ್ತೊಬ್ಬಳಿಗೆ ತಾಯಿಯ ಉಸಿರಿನ ಜೊತೆ ತನ್ನ ಉಸಿರು ಸೇರಿಸುವುದು. ಎಲ್ಲೆಲ್ಲಿ ನನ್ನ ಗಂಟೆ ಬಿದ್ದಿತ್ತೋ ಅಲ್ಲಲ್ಲಿ ಅದು ಕತ್ತರಿಸಿತ್ತು. ಸಾಲಾಗಿ ನಿಂತು ಒಬ್ಬರಾದ ಮೇಲೊಬ್ಬರು ಮಾಡಿದರೆ ಪೂರ್ತಿಯಾಗುತ್ತದೆ ಎಂದು ಫಿಲೋಮಿನಾ ಮೇಡಂ ವರದಿ ಬರೆದು ಕಳಿಸಿದರು. ಹುಡುಗಿಯರಂತೂ ಎಂಟೆದೆ ಬಂದವರ ಹಾಗೆ ವಾರ್ಡಿನಲ್ಲಿ ಓಡಾಡುತ್ತಿದ್ದರು. ಯಾವ ಹೊಟ್ಟೆ ಕಂಡರೂ ಕೈ ಇಟ್ಟು ನೋಡುವ ಆತುರ ಅವರಿಗೆ.

ನನಗೆ ಮಾತ್ರ ಏನೋ ಆಗಿತ್ತು. ವಾರ್ಡಿನಲ್ಲಿ ಬಸುರಿಯೊಬ್ಬಳು ಎದುರಾದರೆ ಎದೆ ಧಸಕ್ಕೆನ್ನುತ್ತಿತ್ತು. ಹೊಟ್ಟೆ ಮುಟ್ಟಲು ಹೋದರೆ ಕೈ ತಾನಾಗಿ ಹಿಂದೆ ಬರುತ್ತಿತ್ತು, ಬೆರಳು ನಡುಗುತ್ತಿತ್ತು. ಬಿ.ಪಿ. ನೋಡಿಸಿಕೊಂಡೆ, ಸಕ್ಕರೆ ನೋಡಿಸಿಕೊಂಡೆ, ಎಲ್ಲ ಸರಿಯಾಗಿತ್ತು. ನಲವತ್ತಾರು ವರ್ಷ, ಈ ವಯಸ್ಸಿನಲ್ಲಿ ಹೀಗೇ ಎಂದು ಡಾಕ್ಟರು ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟರು. ವಾರ್ಡಿನ ಡ್ಯೂಟಿ ಬಿಟ್ಟು ಆಫೀಸಿನ ಕೆಲಸ ಕೇಳಿ ತೆಗೆದುಕೊಂಡೆ. ಅನ್ನ ಸೇರುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಭಯವಾಗುತ್ತಿದ್ದದ್ದು ಸುಮಿತ್ರಳ ಹೊಟ್ಟೆ ಕಂಡರೆ. ಅವಳ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಹುಳಿ ಮಾಡಿದ ದಿನ ಅವಳು ಹೇಳಿ ಕಳಿಸುತ್ತಿದ್ದಳು, ನಾನು ಏನೋ ನೆಪ ಹೇಳುತ್ತಿದ್ದೆ. ಅವಳ ಸೀಮಂತಕ್ಕೆ ಹೋದವಳು ಬಾಗಿಲಲ್ಲೇ ನಿಂತು, ಅರಿಶಿನ ಕುಂಕುಮ ತೆಗೆದುಕೊಂಡು ಹೊರಟುಬಿಟ್ಟೆ. ನನಗೆ ಮಕ್ಕಳಿಲ್ಲ. ಊರಿನವರು ಹೇಳುವುದನ್ನು ಹೇಳಿದರು. ಸುಮಿತ್ರ ಒಂದು ದಿನ ಆಫೀಸಿಗೇ ಬಂದು, ಮೇಜಿನ ಆಚೆ ನಿಂತುಕೊಂಡು ಕೇಳಿದಳು.

‘ಅಕ್ಕ, ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಂಗೆ ಬಸಿರು ನಿಂತಿದೆ. ನಿಂಗೆ ಹೊಟ್ಟೆಕಿಚ್ಚಾ? ಜನ ಅಂತಾರೆ. ನಾನು ಅಲ್ಲ ಅಂತಿದ್ದೀನಿ. ನೀನೂ ಒಂದ್ಸಲ ಅಲ್ಲ ಅನ್ನು.’

ನನ್ನ ಕಣ್ಣು ಅವಳ ಹೊಟ್ಟೆಯ ಮೇಲಿತ್ತು. ಭಯವಾಗುತ್ತದೆ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ನನಗೇ ಗೊತ್ತಿರಲಿಲ್ಲ.  ಅವಳು ಸೆರಗು ಹೊದ್ದುಕೊಂಡು, ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ನಾನು ರಿಜಿಸ್ಟರ್ ತೆರೆದಿಟ್ಟುಕೊಂಡು ಅತ್ತೆ.

ಮಗು ಆಮೇಲೂ ತಿರುಗಲಿಲ್ಲ. ಅಷ್ಟರಲ್ಲಿ ಕೆರೆ ತುಂಬಿ ಸೇತುವೆ ಮುಳುಗಿತು. ಆಚೆ ದಡದಿಂದ ಸೋಮವಾರ ಮೋಟಾರು ದೋಣಿ ಬರುವುದು, ಸುಮಿತ್ರಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವುದು ಎಂದು ಅವಳ ಗಂಡ ಗೊತ್ತುಮಾಡಿದ್ದ. ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಹೆರಿಗೆಯ ದಿನಕ್ಕೆ ಮೂರು ವಾರ ಮುಂಚೆಯೇ, ಅವಳಿಗೆ ನೋವು ಬಂತು. ಆಟೋದಲ್ಲಿ ನಮ್ಮ ಶಾಲೆಯ ಆಸ್ಪತ್ರೆಗೇ ತಂದರು. ಇಲ್ಲಿ ಆಪರೇಷನ್ ಕೋಣೆ ಇಲ್ಲ. ಫೋನ್ ಮಾಡಿದರೆ, ಗಾಳಿ ಜೋರಾಗಿದೆ, ದೋಣಿ ಬರಲು ಸಂಜೆಯಾಗುತ್ತದೆ ಎಂದರು. ಅಡ್ಡ ಮಲಗಿದ ಮಗು ಅಡ್ಡವಾಗಿಯೇ ಹುಟ್ಟುವುದಿಲ್ಲ. ಸಂಜೆಯವರೆಗೆ ಹೀಗೇ ಬಿಟ್ಟರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡಿದವಳು ನಾನೇ. ನೀರು ಇನ್ನೂ ಒಡೆದಿರಲಿಲ್ಲ. ಅದೊಂದೇ ಪುಣ್ಯ.

‘ಹುಡುಗಿಯರನ್ನ ಕರೀರಿ ಸಿಸ್ಟರ್. ಸಾಲಾಗಿ ನಿಲ್ಲಿಸಿ. ನೀವು ಗಂಟೆ ಹಿಡ್ಕೊಳ್ಳಿ’ ಎಂದರು ಫಿಲೋಮಿನಾ ಮೇಡಂ.

ಹನ್ನೊಂದು ಜನ ಬಂದರು. ಟೈಮ್‌ಟೇಬಲ್ಲಿನ ಅದೇ ಸಾಲು. ದಾಕ್ಷಾಯಿಣಿಗೆ ಸರದಿ ಇರಲಿಲ್ಲವಾದ್ದರಿಂದ ಮಗುವಿನ ಎದೆಬಡಿತ ಕೇಳುವ ಕಹಳೆಯನ್ನು ಅವಳ ಕೈಗೆ ಕೊಟ್ಟು ಮಂಚದ ಆ ಕಡೆ ಕೂರಿಸಿದೆವು. ಸುಮಿತ್ರ ನನ್ನ ಕಡೆ ನೋಡಲಿಲ್ಲ. ನೋವು ಬಂದು ಹೋದ ಬಿಡುವಿನಲ್ಲಿ ತಸ್ಲೀಮ ಅಂಗೈ ಇಟ್ಟು ತಲೆ ಎಲ್ಲಿ, ಬೆನ್ನು ಎಲ್ಲಿ ಎಂದು ಹೇಳಿದಳು. ಎಣ್ಣೆಯವಳು ಎಣ್ಣೆ ತಂದಳು. ಉಸಿರಿನವಳು ತಲೆಯ ಹತ್ತಿರ ಕೂತು ಸುಮಿತ್ರಳ ಜೊತೆ ಉಸಿರಾಡತೊಡಗಿದಳು, ಸುಮಿತ್ರಳ ಬಿಗಿದ ಹೊಟ್ಟೆ ಸಡಿಲವಾಯಿತು. ಆಮೇಲೆ ಒಬ್ಬೊಬ್ಬರಾಗಿ ಬಂದು ಒತ್ತಿ, ತಡೆದು, ಸರಿಸಿ, ಪಕ್ಕದವಳಿಗೆ ಜಾಗ ಬಿಟ್ಟರು. ಈ ಸಲ ಗಂಟೆ ಬೇಕಾಗಲೇ ಇಲ್ಲ, ತಮ್ಮ ತುಂಡು ಮುಗಿದದ್ದು ಅವರಿಗೇ ಗೊತ್ತಾಗುತ್ತಿತ್ತು. ಚರ್ಮದ ಕೆಳಗೆ ಮಗು ಹೊರಳುವುದು ಬಾಗಿಲಲ್ಲಿ ನಿಂತ ನನಗೂ ಕಾಣುತ್ತಿತ್ತು. ಒಂಬತ್ತನೆಯವಳು ಕೈ ಹಾಕಿದಳು.

ಆಗ ನನ್ನ ಎದೆಯಲ್ಲಿ ಕೂತಿದ್ದದ್ದು ಎದ್ದಿತು. ಇಷ್ಟು ದಿನ ಅದು ಬರೀ ನಡುಕ. ಈಗ ಅದು ಬಾಯಿಗೆ ಬಂತು.  ಆ ಕೈಗಳು ಅಲ್ಲಿರಬಾರದು, ಇನ್ನೊಂದು ಗಳಿಗೆಯೂ ಇರಬಾರದು, ಅದಷ್ಟೇ ನನಗೆ ಗೊತ್ತು. ‘ಎಣಿಕೆ ಎಷ್ಟು?’ ಎಂದೆ. ‘ನೂರಾ ಮೂವತ್ತೆಂಟು ಮೇಡಂ, ಚೆನ್ನಾಗಿದೆ’ ಎಂದಳು ದಾಕ್ಷಾಯಿಣಿ. ಎಲ್ಲ ಚೆನ್ನಾಗಿತ್ತು. ಮಗು ತಿರುಗುತ್ತಿತ್ತು, ಹುಡುಗಿಯರು ಬೆವರಿನಲ್ಲೂ ನಗುತ್ತಿದ್ದರು, ಫಿಲೋಮಿನಾ ಮೇಡಂ ಶಿಲುಬೆಯ ಗುರುತು ಮಾಡಿಕೊಂಡಿದ್ದರು. ನಾನೊಬ್ಬಳು ಹೇಡಿ. ಸುಮ್ಮನಿದ್ದರೆ ಇನ್ನೈದು ನಿಮಿಷದಲ್ಲಿ ಮುಗಿಯುತ್ತದೆ. ನಿಲ್ಲಿಸಿ, ಮಗು ಅರ್ಧದಲ್ಲಿ ಉಳಿದು, ನನ್ನ ತಂಗಿ ಸತ್ತರೆ ಊರು ಏನನ್ನುತ್ತದೆ? ಅಕ್ಕನೇ ಕೊಂದಳು ಎನ್ನುತ್ತದೆ. ಈ ಯೋಚನೆ ಮುಗಿಯುವ ಮೊದಲೇ ನಾನು ಕೂಗಿದ್ದೆ.

‘ಕೈ ತೆಗೀರಿ! ಎಲ್ಲಾ ಕೈ ತೆಗೀರಿ!’

‘ಇನ್ನೊಂಚೂರೇ ಮೇಡಂ’ ಎಂದಳು ತಸ್ಲೀಮ.

ನಾನು ನುಗ್ಗಿ ಹೋಗಿ ಒಂಬತ್ತನೆಯವಳ ಎರಡೂ ಮಣಿಕಟ್ಟು ಹಿಡಿದು ಮೇಲಕ್ಕೆ ಎತ್ತಿದೆ. ‘ಸಿಸ್ಟರ್! ಸ್ವಂತ ತಂಗಿ ಅಂತ ಹೀಗೆ ಹೆದರಿದ್ರೆ ಹೇಗೆ? ಹೊರಗೆ ಹೋಗಿ ನೀವು’ ಎಂದು ಫಿಲೋಮಿನಾ ಮೇಡಂ ನನ್ನ ತೋಳು ಹಿಡಿದರು. ಆಗ ದಾಕ್ಷಾಯಿಣಿಯ ದನಿ ಕೇಳಿತು. ಕಹಳೆಗೆ ಕಿವಿಯಿಟ್ಟು, ಗಡಿಯಾರದ ಮೇಲೆ ಕಣ್ಣಿಟ್ಟು ಎಣಿಸುತ್ತಿದ್ದಳು.

‘ನೂರಾ ಹತ್ತು... ತೊಂಬತ್ತಾರು... ಮೇಡಂ, ಎಂಬತ್ತು. ಮೇಡಂ, ಎಪ್ಪತ್ತಾಗ್ತಿದೆ...’

 ಹನ್ನೊಂದು ಹುಡುಗಿಯರ ಮುಖದಲ್ಲಿ ನಾನು ಕಂಡದ್ದು ಬೆಪ್ಪು, ಹೆದರಿಕೆಯಲ್ಲ. ಏನಾಯಿತೆಂದು ಅವರಿಗೆ ತಿಳಿಯಲಿಲ್ಲ. ಸುಮಿತ್ರ ಮೊದಲ ಸಲ ನನ್ನ ಕಡೆ ತಿರುಗಿದಳು. ‘ಅಕ್ಕ?’ ಎಂದಳು. ಎಡ ಮಗ್ಗುಲಿಗೆ ಹೊರಳಿಸಿ ಎಂದೆ, ಹೊರಳಿಸಿದರು. ನನ್ನ ಕೈ ತಾನಾಗಿ ಹೋಗಿ ಅವಳ ಹೊಟ್ಟೆಯ ಮೇಲೆ ಕೂತಿತು. ಎರಡು ತಿಂಗಳಲ್ಲಿ ಮೊದಲ ಸಲ ಅದು ನಡುಗಲಿಲ್ಲ. ಒತ್ತಲಿಲ್ಲ, ಸರಿಸಲಿಲ್ಲ, ಅದಕ್ಕೆ ಅದೊಂದೂ ಬರುತ್ತಿರಲಿಲ್ಲ. ಹೆದರುವುದೊಂದೇ ಬರುತ್ತಿತ್ತು. ಹೆದರುತ್ತ ಕೂತಿತ್ತು, ಅಷ್ಟೇ. ‘ಎಂಬತ್ತೈದು’ ಎಂದಳು ದಾಕ್ಷಾಯಿಣಿ. ಬಹಳ ಹೊತ್ತಾದ ಮೇಲೆ, ‘ನೂರಾ ನಾಲ್ಕು’. ಆಮೇಲೆ, ‘ನೂರಾ ಇಪ್ಪತ್ತೆಂಟು.’ ಒಂದು ನೋವು ಬಂದು ಹೋಯಿತು. ಇನ್ನೊಂದು ಬಂತು. ನನ್ನ ಅಂಗೈ ಕೆಳಗೆ ಏನೋ ನಿಧಾನವಾಗಿ ತಾನೇ ಜಾರಿಕೊಂಡು ದಾರಿ ಮಾಡಿಕೊಂಡಿತು. ಎದೆಯ ಮೇಲಿನ ಭಾರ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು. ‘ಈಗ ಬನ್ನಿ’ ಎಂದು ಹತ್ತನೆಯವಳನ್ನು ಕರೆದೆ.

ಮಧ್ಯಾಹ್ನ ಮೂರೂಕಾಲಿಗೆ ಹೆಣ್ಣುಮಗು ತಲೆ ಮುಂದಾಗಿ ಹುಟ್ಟಿತು. ಕರುಳಬಳ್ಳಿ ಕೊರಳಿಗೆ ಒಂದು ಸುತ್ತು, ಕಂಕುಳಿನ ಕೆಳಗೆ ಒಂದು ಸುತ್ತು ಹಾಕಿಕೊಂಡಿತ್ತು. ಅವತ್ತು ಅಲ್ಲಿ ನಿಲ್ಲಿಸದೆ ತಿರುಗಿಸಿದ್ದರೆ ಬಳ್ಳಿ ಬಿಗಿದುಕೊಳ್ಳುತ್ತಿತ್ತು ಎಂದು ಫಿಲೋಮಿನಾ ಮೇಡಂ ಆಮೇಲೆ, ನನ್ನ ಕಡೆ ನೋಡದೆ ಹೇಳಿದರು. ಮಗು ಅಳಲು ಸ್ವಲ್ಪ ತಡಮಾಡಿತು. ಆ ಸ್ವಲ್ಪ ಹೊತ್ತು ನಾನು ಹೇಗೆ ನಿಂತಿದ್ದೆನೋ ನನಗೆ ಗೊತ್ತಿಲ್ಲ. ಅತ್ತ ಮೇಲೆ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಸಿದೆ. ಸಿದ್ದಜ್ಜಿ ಅಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿದ್ದಳು. ಯಾರೋ ಅಭ್ಯಾಸಬಲದಿಂದ ಅವಳನ್ನೂ ಕರೆತಂದಿದ್ದರು.

‘ಅಜ್ಜಿ, ನಿಮಗೆ ಮುಂಚೆ ಹೊಟ್ಟೆ ಮುಟ್ಟುವಾಗ ಭಯ ಆಗ್ತಿತ್ತಾ?’ ಎಂದು ಕೇಳಿದೆ.

 ‘ಇಲ್ಲೇನೋ ಒಂದಿತ್ತು ಕಣವ್ವ’ ಎಂದು ಎದೆ ಮುಟ್ಟಿ ತೋರಿಸಿದಳು. ‘ನಮ್ಮತ್ತೆ ಒಪ್ಪಿಸಿದ ದಿನದಿಂದ್ಲೂ ಇತ್ತು. ಐವತ್ತು ವರ್ಷ. ಅನ್ನ ಸೇರಗೊಡ್ತಿರಲಿಲ್ಲ ಪಾಪಿ. ಈಗ ನೋಡು, ಹೊಟ್ಟೆ ತುಂಬ ತಿಂತೀನಿ.’ ಹಿಡಿ ಕಡ್ಲೆಪುರಿಯನ್ನು ನನ್ನ ಅಂಗೈಗೆ ಸುರಿದಳು. ‘ತಿನ್ನು. ಯಾಕೆ ಹಿಂಗೆ ಬೆವರ್ತಿದ್ದೀಯ?’

ಈಗ ಐದು ತಿಂಗಳಾಗಿದೆ. ಹೊಸ ಬ್ಯಾಚ್ ಬಂದಿದೆ. ಈ ಸಲ ಟೈಮ್‌ಟೇಬಲ್ಲಿನ ಮೊದಲ ಪೀರಿಯಡ್ಡು, ಯಾವಾಗ ಕೈ ತೆಗೆಯಬೇಕೆಂದು ಕಲಿಸುವುದು, ನನ್ನದು ಎಂದು ಫಿಲೋಮಿನಾ ಮೇಡಂ ಬರೆದಿದ್ದಾರೆ. ಆ ಪೀರಿಯಡ್ಡಿನಲ್ಲಿ ನಾನು ಯಾರ ಕೈಯನ್ನೂ ಮುಟ್ಟದೆ ಪುಸ್ತಕವನ್ನೇ ಓದುತ್ತೇನೆ. ಸುಮಿತ್ರ ಮಗುವನ್ನು ಕರೆತಂದು ನನ್ನ ಮಡಿಲಿಗೆ ಹಾಕುತ್ತಾಳೆ. ಆಫೀಸಿನಲ್ಲಿ ಅವಳು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ಅವಳು ಮತ್ತೆ ಕೇಳಲೂ ಇಲ್ಲ. ಮಗು ಕೆಮ್ಮಿದರೆ ನನಗೆ ಭಯ, ಕೆಮ್ಮದಿದ್ದರೆ ಭಯ. ‘ಕೊಡಕ್ಕ ಇಲ್ಲಿ, ನಿನ್ನ ಎದೆಬಡಿತಕ್ಕೇ ಅವಳು ಎಚ್ಚರ ಆಗ್ತಾಳೆ’ ಎಂದು ಸುಮಿತ್ರ ನಗುತ್ತಾಳೆ. ಮಗುವನ್ನು ಒಂದು ದಿನವಾದರೂ ನೆಮ್ಮದಿಯಾಗಿ ಎತ್ತಿಕೊ ಎಂದು ಮನಸ್ಸು ಹೇಳುತ್ತದೆ. ಅದಕ್ಕೆ ದಾರಿ ಸುಲಭ. ಯಾರದಾದರೂ ಅಂಗೈಯನ್ನು ಒಂದು ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ನನ್ನ ಕೈ ಇಟ್ಟು ಹತ್ತು ನಿಮಿಷ ಕೂತರೆ ಮುಗಿಯಿತು.

ದಾಕ್ಷಾಯಿಣಿ ದಿನವೂ ಸಂಜೆ ತರಗತಿ ಬಿಟ್ಟ ಮೇಲೆ ಆಫೀಸಿನ ಬಾಗಿಲಿಗೆ ಬರುತ್ತಾಳೆ. ‘ಮೇಡಂ, ನಂಗೆ ಒಪ್ಪಿಸಿ. ಅವತ್ತು ಅದು ನಂದೇ ಸರದಿ’ ಎನ್ನುತ್ತಾಳೆ. ಕೈ ಮುಂದೆ ಚಾಚುತ್ತಾಳೆ, ಈಗ ಹಿಂದೆಗೆಯುವುದಿಲ್ಲ. ಒಳ್ಳೆಯ ಹುಡುಗಿ, ಹಿಡಿದ ಎಣಿಕೆ ತಪ್ಪುವುದಿಲ್ಲ, ಅವಳಿಗೇ ಒಪ್ಪಿಸಬೇಕಾದದ್ದು ನಿಜ. ಒಂದು ದಿನ ಒಪ್ಪಿಸಲೇಬೇಕು, ಬಸವಲಿಂಗಪ್ಪನ ಹಾಗೆ ಹೊತ್ತುಕೊಂಡು ಹೋಗುವಂತಿಲ್ಲ. ನಿನ್ನೆಯೂ ಬಂದಳು. ಅವಳ ಕೈ ನೋಡಿದೆ. ಉಗುರಿಗೆ ಮದರಂಗಿ ಹಚ್ಚಿಕೊಂಡಿದ್ದಳು, ಗೆಳತಿಯ ಮದುವೆಯಂತೆ. ಮಧ್ಯಾಹ್ನ ಮೂರು ಸಲ ಊಟ ಬಡಿಸಿಕೊಂಡಳು ಎಂದು ಹಾಸ್ಟೆಲಿನ ಅಡುಗೆಯವಳು ಬಯ್ಯುತ್ತಿದ್ದಳು.

‘ನಾಳೆ ಬಾ’ ಎಂದೆ.